ಕಪ್ಪು ವಾಚಿನ ಮೇಲೆ ಬಿಳಿ ಗೆರೆ

ಪ್ರಶ್ನೆ: ಹೊಸದಾಗಿ ಕೊಂಡ ಕಪ್ಪು ಸ್ಟೀಲ್ ಸ್ಮಾರ್ಟ್‌ವಾಚಿನ ಅಂಚಿನಲ್ಲಿ ಆಗಲೇ ಬಿಳಿ ಗೆರೆ ಮೂಡಿದೆ. ಪಾಲಿಶ್ ಮಾಡಿಸಬಹುದೇ?

ಉತ್ತರ: ಪಾಲಿಶ್ ಬೇಡವೇ ಬೇಡ. ಮೊದಲು ಅದು ಗೀರು ಹೌದೇ ಎಂದು ನೋಡಿ. ಇಂಥ ವಾಚುಗಳಿಗೆ ಸಾಮಾನ್ಯವಾಗಿ ಇರುವುದು ಪಿವಿಡಿ ಅಥವಾ ಡಿಎಲ್‌ಸಿ ಲೇಪ. ನಿರ್ವಾತದಲ್ಲಿ ಕೂರಿಸಿದ, ಕೆಲವೇ ಮೈಕ್ರಾನ್ ದಪ್ಪದ ಪದರ. ತೆಳುವಾದರೂ ಒಳಗಿನ ಸ್ಟೀಲಿಗಿಂತ ಎಷ್ಟೋ ಪಾಲು ಗಟ್ಟಿ. ಹಾಗಾಗಿ ಅಲ್ಯೂಮಿನಿಯಂ ಕಿಟಕಿಗೋ ಲ್ಯಾಪ್‌ಟಾಪಿಗೋ ತಾಗಿದಾಗ ಸವೆಯುವುದು ಆ ಮೆದು ಲೋಹವೇ. ಅದರ ಪುಡಿ ವಾಚಿಗೆ ಮೆತ್ತಿಕೊಂಡು ಗೀರಿನಂತೆ ಕಾಣುತ್ತದೆ. ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ನೋಡಿ. ಎಷ್ಟೋ ಗೆರೆಗಳು ಇಷ್ಟಕ್ಕೇ ಹೋಗುತ್ತವೆ.

ಉಗುರು ಆಡಿಸಿದಾಗ ತಡೆದರೆ, ತಳದ ಸ್ಟೀಲ್ ಹೊಳೆದರೆ, ಅದು ನಿಜವಾದ ಗೀರು. ಲೇಪವಿಲ್ಲದ ಸ್ಟೀಲನ್ನಾದರೆ ತಿಕ್ಕಿ ಸರಿಮಾಡಬಹುದಿತ್ತು. ಇಲ್ಲಿ ಟೂತ್‌ಪೇಸ್ಟೋ ಹಿತ್ತಾಳೆ ಪಾಲಿಶೋ ಹಚ್ಚಿದರೆ ಸುತ್ತಲಿನ ಮೇಲ್ಮೈಯೂ ಕಳೆಗೆಡುತ್ತದೆ. ಕಪ್ಪು ಮಾರ್ಕರ್ ಸ್ವಲ್ಪ ಕಾಲ ಮರೆಮಾಡೀತು, ಅಷ್ಟೇ. ಒಳಗಿರುವುದು ಸ್ಟೇನ್‌ಲೆಸ್, ತುಕ್ಕಿನ ಚಿಂತೆ ಬಿಡಿ.

ಮರಳು, ಸಿಮೆಂಟಿನ ಕೆಲಸವಿದ್ದಾಗ ಮಾತ್ರ ದಯವಿಟ್ಟು ವಾಚು ಬಿಚ್ಚಿಡಿ. ಮರಳಿನ ಕಣ ಜೋರಾಗಿ ಒತ್ತಿದರೆ ಅಡಿಯ ಸ್ಟೀಲ್ ಕುಗ್ಗುತ್ತದೆ, ಮೇಲಿನ ಗಟ್ಟಿ ಲೇಪ ಮೊಟ್ಟೆಯ ಸಿಪ್ಪೆಯಂತೆ ಬಿರಿಯುತ್ತದೆ.