25ನ್ನು 52 ಅಂತ ಬರೆಯುವ ಮಗು: ಕಲಿಕಾ ನ್ಯೂನತೆ ಯಾವುದು, ಯಾವುದು ಅಲ್ಲ?

ಸೊಲ್ಲಾಪುರ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ನೆನಪಾಗುವುದು ಅಲ್ಲಿನ ಚಾದರ. ಆ ಊರಿನ ಇನ್ನೊಂದು ವಿಶೇಷ ನಮಗೆ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಒಂದೇ ಬೀದಿಯಲ್ಲಿ ಮರಾಠಿ, ಕನ್ನಡ, ತೆಲುಗು, ದಖನಿ ಉರ್ದು ನಾಲ್ಕೂ ಕೇಳಿಸುತ್ತದೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆ ತಾಲೂಕು ನಮ್ಮ ಕಲಬುರಗಿ, ವಿಜಯಪುರ ಜಿಲ್ಲೆಗಳ ಗಡಿಗೆ ತಾಗಿಕೊಂಡಿದೆ. ಮಹಾರಾಷ್ಟ್ರ ಸರಕಾರದ್ದೇ ಕನ್ನಡ ಮಾಧ್ಯಮ ಶಾಲೆಗಳು ಅಲ್ಲಿವೆ. ಪಠ್ಯಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡುವುದು ಪುಣೆಯ ಬಾಲಭಾರತಿ.

ಅಲ್ಲಿನ ಒಂದು ಮುಸ್ಲಿಂ ಮನೆಯ ಮಗುವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಮದ್ರಸದಲ್ಲಿ ಅರಬಿ. ಮೂರನೇ ತರಗತಿಗೆ ಬಂದರೂ ಓದಲು ಬರುತ್ತಿಲ್ಲ. ಟೀಚರ್ "ಇವನ ಮನೆ ಭಾಷೆ ಬೇರೆ, ಅದಕ್ಕೆ ಹೀಗೆ" ಅಂತಾರೆ. ಮನೆಯವರು "ಆಟ ಜಾಸ್ತಿ, ಗಮನ ಇಲ್ಲ" ಅಂತಾರೆ. ಇದರಲ್ಲಿ ಸ್ವಲ್ಪ ನಮ್ಮ ಮಕ್ಕಳೂ ಕಾಣಿಸುತ್ತಾರಲ್ವಾ? ಬ್ಯಾರಿ ಮನೆಯ ಮಗು ಕೂಡ ಬ್ಯಾರಿ ಮಾತಾಡಿಕೊಂಡು ಕನ್ನಡ ಅಥವಾ ಇಂಗ್ಲಿಷ್ ಶಾಲೆಗೆ ಹೋಗುತ್ತದೆ, ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುತ್ತದೆ. ಈ ಮಗುವಿಗೆ ಇರುವುದು ಭಾಷೆಯ ಗೊಂದಲವೋ, ಕಲಿಕಾ ನ್ಯೂನತೆಯೋ? ಎರಡಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಕಲಿಕಾ ನ್ಯೂನತೆ ಅಂದರೆ ಏನು ಅಂತ ಸರಿಯಾಗಿ ತಿಳಿದಿರಬೇಕು.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ನ್ಯೂನತೆಗಳಷ್ಟೇ ಇದ್ದವು, ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಪಟ್ಟಿಯನ್ನು 21ಕ್ಕೆ ಏರಿಸಿತು, ಅದರಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ'ಯೂ ಸೇರಿತು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ ವ್ಯಾಖ್ಯಾನವನ್ನು ಸರಳವಾಗಿ ಹೇಳುವುದಾದರೆ, ಮಾತಿನ ಅಥವಾ ಬರಹದ ಭಾಷೆಯನ್ನು ಮಿದುಳು ಸಂಸ್ಕರಿಸುವುದರಲ್ಲಿ ಇರುವ ಕೊರತೆ. ಅದರಿಂದಾಗಿ ಅರ್ಥ ಮಾಡಿಕೊಳ್ಳುವುದು, ಮಾತಾಡುವುದು, ಓದುವುದು, ಬರೆಯುವುದು, ಕಾಗುಣಿತ ಹಾಕುವುದು, ಲೆಕ್ಕ ಮಾಡುವುದು, ಇವುಗಳಲ್ಲಿ ಯಾವುದಾದರೂ ಕಷ್ಟವಾಗುತ್ತದೆ. ಡಿಸ್ಲೆಕ್ಸಿಯಾ ಅಂದರೆ ಓದಿನ ತೊಂದರೆ, ಡಿಸ್‌ಗ್ರಾಫಿಯಾ ಬರವಣಿಗೆಯದ್ದು, ಡಿಸ್‌ಕ್ಯಾಲ್ಕುಲಿಯಾ ಲೆಕ್ಕದ್ದು. ಕೈಕಾಲಿನ ಚಲನೆಯ ಹೊಂದಾಣಿಕೆ ತಪ್ಪುವ ಡಿಸ್‌ಪ್ರಾಕ್ಸಿಯಾ ಕೂಡ ಇದೇ ಗುಂಪಿನಲ್ಲಿದೆ.

ಇದರಲ್ಲಿ 'ನಿರ್ದಿಷ್ಟ' ಅನ್ನುವ ಪದ ಬಹಳ ಮುಖ್ಯ. ಮಗುವಿನ ಬುದ್ಧಿ ಸರಿಯಾಗಿಯೇ ಇದೆ, ಒಂದು ಜಾಗದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದೆ ಅಂತ ಅದರ ಅರ್ಥ. ಇದು ಹೊಸ ಕಾಯಿಲೆಯೂ ಅಲ್ಲ. 1896ರಲ್ಲೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಹುಡುಗ ಚುರುಕು, ಆಟದಲ್ಲೂ ಹಿಂದಿಲ್ಲ, ಆದರೆ ಓದು ಮಾತ್ರ ಹತ್ತಲೇ ಇಲ್ಲ. 'ಕಲಿಕಾ ನ್ಯೂನತೆ' ಅನ್ನುವ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್, 1963ರಲ್ಲಿ. ಗಲ್ಫ್‌ನಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆಗೆ ಮಕ್ಕಳನ್ನು ಕಳಿಸುವವರು ಒಂದು ಮಾತು ನೆನಪಿಡಿ. ಬ್ರಿಟನ್ನಿನಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಅಂದರೆ ಬೌದ್ಧಿಕ ನ್ಯೂನತೆ, ನಾವು ಹೇಳುತ್ತಿರುವುದಕ್ಕೆ ಅಲ್ಲಿ 'ಲರ್ನಿಂಗ್ ಡಿಫಿಕಲ್ಟಿ' ಅಂತಾರೆ. ರಿಪೋರ್ಟ್ ನೋಡಿ ಗಾಬರಿಯಾಗುವ ಮೊದಲು ಅದನ್ನು ಕೇಳಿಕೊಳ್ಳಿ.

ಈಗ ಯಾವುದು ಕಲಿಕಾ ನ್ಯೂನತೆ ಅಲ್ಲ ಅನ್ನುವ ವಿಷಯ. ಕಣ್ಣು ಸರಿ ಕಾಣದಿದ್ದರೆ, ಕಿವಿ ಸರಿ ಕೇಳದಿದ್ದರೆ ಅದು ಇದಲ್ಲ. ಬೌದ್ಧಿಕ ನ್ಯೂನತೆಯೂ ಇದಲ್ಲ. ಪಾಠವೇ ಸರಿಯಾಗಿ ಸಿಗದಿದ್ದರೆ ಅದೂ ಅಲ್ಲ. ಮಹಾರಾಷ್ಟ್ರದ ಆ ಭಾಗದಲ್ಲಿ ಕಬ್ಬು ಕಡಿಯಲು ವಲಸೆ ಹೋಗುವ ಕುಟುಂಬಗಳಿವೆ. ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಗು ಓದದೇ ಇದ್ದರೆ ಅದಕ್ಕೆ ಬೇಕಾದದ್ದು ಶಾಲೆ, ಸರ್ಟಿಫಿಕೇಟ್ ಅಲ್ಲ. ಕಲಿಸುವ ಭಾಷೆಯೇ ಮಗುವಿಗೆ ಬಾರದಿದ್ದರೆ ಅದನ್ನೂ ಕಲಿಕಾ ನ್ಯೂನತೆ ಅನ್ನಬಾರದು ಅಂತ ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ತೊಂದರೆ ಇರುವ ಕಡೆಗೇ ಗಮನ ಕೊಟ್ಟು ಕಲಿಸಿದ ಮೇಲೂ ಕನಿಷ್ಠ ಆರು ತಿಂಗಳು ಅದು ಹಾಗೆಯೇ ಉಳಿದಿರಬೇಕು ಅನ್ನುವುದು ಅದೇ ಕೈಪಿಡಿಯ ಇನ್ನೊಂದು ಷರತ್ತು.

ಭಾಷೆಯಿಂದ ಆಗುವ ತಪ್ಪು ಎಷ್ಟು ಸುಲಭವಾಗಿ ನ್ಯೂನತೆಯ ಹಾಗೆ ಕಾಣಿಸುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಸಂಖ್ಯೆಗಳದ್ದು. ಕನ್ನಡದಲ್ಲಿ ನಾವು 'ಇಪ್ಪತ್ತೈದು' ಅಂತೇವೆ. ಮೊದಲು ಇಪ್ಪತ್ತು, ಆಮೇಲೆ ಐದು, ಬರೆಯುವುದೂ ಅದೇ ಕ್ರಮದಲ್ಲಿ. ಬ್ಯಾರಿಯಲ್ಲೂ ಹಾಗೇ. ಮರಾಠಿಯಲ್ಲಿ ಅದು 'ಪಂಚವೀಸ', ಅಂದರೆ ಐದು ಮೊದಲು, ಇಪ್ಪತ್ತು ಆಮೇಲೆ. ಉರ್ದು, ದಖನಿಯ 'ಪಚ್ಚೀಸ್' ಕೂಡ ಅದೇ ದಾರಿ. ಅರಬಿಯಲ್ಲಂತೂ 'ಖಂಸತುನ್ ವ ಇಶ್ರೂನ್', ಐದು ಮತ್ತು ಇಪ್ಪತ್ತು. ಕಿವಿಗೆ ಐದು ಮೊದಲು ಬಿದ್ದಾಗ ಕೈಯೂ 5ನ್ನೇ ಮೊದಲು ಬರೆದು, ಪಕ್ಕದಲ್ಲಿ 2 ಹಾಕಿದರೆ ಅದು 52 ಆಯಿತು. ಇದು ರೋಗ ಅಲ್ಲ, ಮಗು ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ ಅಷ್ಟೇ!

ಮಹಾರಾಷ್ಟ್ರದಲ್ಲಿ ಇದು ದೊಡ್ಡ ಚರ್ಚೆಯೇ ಆಗಿತ್ತು. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿ ಗಣಿತ ಪುಸ್ತಕ 'ಏಕವೀಸ' ಬದಲು 'ವೀಸ ಏಕ' ಅನ್ನುವ ಹೊಸ ಕ್ರಮವನ್ನು ತಂದಿತು. ಮಕ್ಕಳಿಗೆ ಜೋಡಕ್ಷರದ ಕಷ್ಟ ತಪ್ಪಲಿ, ಹೇಳುವುದಕ್ಕೂ ಬರೆಯುವುದಕ್ಕೂ ಹೊಂದಿಕೆಯಾಗಲಿ ಅನ್ನುವುದು ಉದ್ದೇಶ. ಸಮಿತಿಯ ಮುಖ್ಯಸ್ಥೆಯಾಗಿದ್ದವರು ಗಣಿತಜ್ಞೆ ಮಂಗಲಾ ನಾರಳೀಕರ್. ಮರಾಠಿಯನ್ನೇ ಕೆಡಿಸುತ್ತಿದ್ದಾರೆ ಅಂತ ಗಲಾಟೆಯಾಯಿತು, ವಿಧಾನಸಭೆಯಲ್ಲೂ ಮಾತು ಬಂತು. ವಾದದಲ್ಲಿ ಯಾರು ಸರಿ ಅನ್ನುವುದು ಇರಲಿ, ತಪ್ಪಿನ ಮೂಲ ಮಗುವಿನ ತಲೆಯಲ್ಲಲ್ಲ, ಭಾಷೆಯಲ್ಲೂ ಇರಬಹುದು ಅಂತ ಒಂದು ಸರಕಾರಿ ಪುಸ್ತಕ ಒಪ್ಪಿಕೊಂಡದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಹಾಗಾದರೆ ನಿಜವಾದ ನ್ಯೂನತೆಯನ್ನು ಗುರುತಿಸುವುದು ಹೇಗೆ? ಭಾಷೆಯ ಗೊಂದಲ ಆ ಭಾಷೆ ರೂಢಿಯಾದ ಹಾಗೆ ಕಡಿಮೆಯಾಗುತ್ತಾ ಬರುತ್ತದೆ. ಡಿಸ್ಲೆಕ್ಸಿಯಾ ಹಾಗಲ್ಲ, ಒಂದಲ್ಲ ಒಂದು ರೂಪದಲ್ಲಿ ಎಲ್ಲ ಭಾಷೆಯಲ್ಲೂ ಕಾಣಿಸಿಕೊಳ್ಳುತ್ತದೆ. ಅಕ್ಷರ ಉಲ್ಟಾ ಕಾಣಿಸುವುದೇ ಡಿಸ್ಲೆಕ್ಸಿಯಾ ಅಂತ 2007ರ 'ತಾರೇ ಜಮೀನ್ ಪರ್' ಸಿನಿಮಾ ನೋಡಿದ ಹಲವರು ತಿಳಿದುಕೊಂಡಿದ್ದಾರೆ. ಹೆಚ್ಚಿನ ಮಕ್ಕಳಲ್ಲಿ ತೊಂದರೆ ಕಣ್ಣಿನಲ್ಲಿಲ್ಲ, ಪದದ ಒಳಗಿನ ಧ್ವನಿಗಳನ್ನು ಬಿಡಿಸುವುದರಲ್ಲಿದೆ. 'ಮರ' ಅನ್ನುವುದರಿಂದ 'ಮ' ತೆಗೆದರೆ ಏನು ಉಳಿಯುತ್ತದೆ? ಒಂದೇ ಪ್ರಾಸದ ಇನ್ನೊಂದು ಪದ ಹೇಳು. ಇಂಥ ಆಟವನ್ನು ಪೆನ್ನು ಪುಸ್ತಕ ಇಲ್ಲದೆ ಬ್ಯಾರಿಯಲ್ಲೇ ಆಡಿಸಬಹುದು. ಮನೆ ಮಾತಿನಲ್ಲೂ, ಎಂಟು ವರ್ಷ ಆದ ಮೇಲೂ ಇದು ಕಷ್ಟವಾದರೆ ತಜ್ಞರ ಹತ್ತಿರ ಹೋಗುವುದಕ್ಕೆ ಅಷ್ಟು ಕಾರಣ ಸಾಕು. ಆದರೆ ಇದೇ ಪರೀಕ್ಷೆ ಅಂತ ನಾವೇ ತೀರ್ಪು ಕೊಡಬಾರದು.

ಅವಸರವೂ ಬೇಡ. ಇಂಗ್ಲಿಷಿನ 26 ಅಕ್ಷರದ ಲೆಕ್ಕ ಕನ್ನಡಕ್ಕೆ ನಡೆಯುವುದಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ರೂಪಗಳು. ಇವನ್ನು ಕಲಿಯುವುದು ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ ಅನ್ನುವುದನ್ನು ಬೆಂಗಳೂರಿನಲ್ಲಿ ಸೋನಾಲಿ ನಾಗ್ ಅವರು ಮಾಡಿದ ಅಧ್ಯಯನ ತೋರಿಸಿದೆ. ಒಂದನೇ ತರಗತಿಯಲ್ಲಿ 'ಅಮ್ಮ'ನನ್ನು 'ಅಮ' ಅಂತ ಓದಿದರೆ ಹೆದರಬೇಕಾಗಿಲ್ಲ. ಐದನೆಯಲ್ಲೂ ಹಾಗೇ ಓದಿದರೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದರೆ ಗಮನಿಸಬೇಕು.

ಇಲ್ಲಿ ಉಸ್ತಾದರಿಗೊಂದು ಮಾತು. ಕೆಲವು ಮಕ್ಕಳು ಸೂರತ್‌ಗಳನ್ನು ಕೇಳಿ ಕೇಳಿಯೇ ಚೆಂದವಾಗಿ ಬಾಯಿಪಾಠ ಮಾಡಿರುತ್ತಾರೆ. ನಡುವಿನ ಒಂದು ಸಾಲಿಗೆ ಬೆರಳಿಟ್ಟು ಓದು ಅಂದರೆ ತಡವರಿಸುತ್ತಾರೆ. ಒಳ್ಳೆಯ ನೆನಪಿನ ಶಕ್ತಿ ಓದಿನ ತೊಂದರೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಅಂಥ ಮಗುವಿಗೆ ಬೆತ್ತ ತೋರಿಸುವ ಬದಲು ಉಮ್ಮನನ್ನು ಕರೆದು ವಿಷಯ ಹೇಳಿದರೆ ಅದೇ ದೊಡ್ಡ ಉಪಕಾರ.

ಸೌಲಭ್ಯಗಳ ವಿಷಯದಲ್ಲಿ ಮಹಾರಾಷ್ಟ್ರ ಬೇಗ ಎಚ್ಚೆತ್ತ ರಾಜ್ಯ, 1996ರಲ್ಲೇ ಈ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ಈಗ ಕೇಂದ್ರದ ಕಾಯ್ದೆ ಎಲ್ಲ ಕಡೆಗೂ ಇದೆ. ಇಂಥ ಮಕ್ಕಳನ್ನು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಯ ಕರ್ತವ್ಯ ಅಂತ ಅದರ 16ನೇ ಸೆಕ್ಷನ್ ಹೇಳುತ್ತದೆ. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಬರೆದುಕೊಡುವವರ ಸಹಾಯ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. 2018ರ ಮಾರ್ಗಸೂಚಿಯಂತೆ ಸರ್ಟಿಫಿಕೇಟ್ ಸಿಗುವುದು ಎಂಟು ವರ್ಷ ತುಂಬಿದ ಮೇಲೆ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಮಕ್ಕಳ ವೈದ್ಯರು ಕಣ್ಣು, ಕಿವಿ ನೋಡಿಸುತ್ತಾರೆ, ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟ ಅಳೆದು ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಪರೀಕ್ಷೆಗಳನ್ನು ಮಾಡುತ್ತಾರೆ.

ಆ ಕೋಣೆಗೆ ಹೋದಾಗ ತಂದೆ ತಾಯಿ ತಪ್ಪದೆ ಕೇಳಬೇಕಾದ ಒಂದು ಪ್ರಶ್ನೆ ಇದೆ: "ಡಾಕ್ಟ್ರೇ, ಪರೀಕ್ಷೆ ಯಾವ ಭಾಷೆಯಲ್ಲಿ ಮಾಡ್ತೀರಿ?" ಮಗುವಿಗೆ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಅಳೆದದ್ದು ಇಂಗ್ಲಿಷನ್ನು ಮಾತ್ರ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಅನ್ನುವ ಪರೀಕ್ಷೆ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲಿ ತಯಾರಾಯಿತು. ಶಾಲೆಯ ಟೀಚರೇ ಮೊದಲ ಹಂತದಲ್ಲಿ ತುಂಬಬಹುದಾದ ಪಟ್ಟಿಯೂ ಅದರಲ್ಲಿದೆ. ಅಕ್ಕಲಕೋಟೆಯ ಕನ್ನಡ ಶಾಲೆಯ ಮಗುವಿಗೆ ಕನ್ನಡ, ಮರಾಠಿ ಎರಡರಲ್ಲೂ ಅದು ಒದಗುತ್ತದೆ. ಆ ನಾಲ್ಕರಲ್ಲಿ ಬ್ಯಾರಿ ಇಲ್ಲ. ಆದ್ದರಿಂದ ಮಗು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತದೆ, ಕನ್ನಡ ಯಾವಾಗ ಕಲಿಯಲು ಶುರು ಮಾಡಿತು, ಮದ್ರಸದಲ್ಲಿ ಓದು ಹೇಗಿದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅವರ ಕೈಗೆ ಕೊಡಿ.