ಬಾಪ ಹಂಚು ಹೊತ್ತ ಜಾಗದಲ್ಲಿ ಮಗನ ಫ್ಲ್ಯಾಟ್

ಮೊನ್ನೆ ಮಗ್ರಿಬ್ ನಮಾಝ್ ಮುಗಿಸಿ ಹೊರಗೆ ಬರುವಾಗ ನಮ್ಮ ಕಡೆಯ ಯುವಕರೊಬ್ಬರು ಹಿಂದೆಯೇ ಬಂದರು. ಊರು ಮಂಗಳೂರು, ಕೆಲಸ ಮೈಸೂರಿನಲ್ಲಿ, ಸರಸ್ವತಿಪುರಂನಲ್ಲಿ ಬಾಡಿಗೆ ಮನೆ. ‘ಉಸ್ತಾದ್, ಒಂದು ಮಸ್‌ಅಲ ಕೇಳಲಿಕ್ಕಿತ್ತು’ ಎಂದರು.

ಮಂಗಳೂರಿನಲ್ಲಿ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆ. ಜಾಗ ಎಷ್ಟೋ ವರ್ಷ ಪೊದೆ ಬೆಳೆದು ಬಿದ್ದಿತ್ತು. ಈಗ ಅಲ್ಲಿ ಫ್ಲ್ಯಾಟ್ ಏಳುತ್ತಿದೆ. ಇವರಿಗೆ ಅಲ್ಲೊಂದು ಮನೆ ಬುಕ್ ಮಾಡುವ ಆಸೆ. ಆದರೆ ಇವರ ಬಾಪ ಅದೇ ಕಾರ್ಖಾನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಂಚು ಲೋಡ್ ಮಾಡಿದವರು. ಬಾಗಿಲು ಹಾಕಿದಾಗ ಕೊನೆಯ ಕೆಲವು ತಿಂಗಳ ಸಂಬಳವೂ ಬರಲಿಲ್ಲ, ಗ್ರಾಚುಟಿಯೂ ಬರಲಿಲ್ಲ. ‘ಬಾಪನ ಬೆವರು ಬಿದ್ದ ಜಾಗ. ಅಲ್ಲಿ ಮನೆ ತೆಗೆದುಕೊಂಡರೆ ಬರಕತ್ ಇರುತ್ತದಾ ಉಸ್ತಾದ್?’

ನಾವು ಕೂಡಲೇ ಉತ್ತರ ಹೇಳಲಿಲ್ಲ. ಇದು ಒಬ್ಬರ ಪ್ರಶ್ನೆ ಅಲ್ಲ, ಕರಾವಳಿಯ ಎಷ್ಟೋ ಮನೆಗಳ ಪ್ರಶ್ನೆ.

1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ಬದಿಯ ಜೇಡಿಮಣ್ಣು, ಘಟ್ಟದ ಬುಡದ ಸೌದೆ, ಸಾಗಿಸಲು ನದಿ ಮತ್ತು ಕಡಲು ಎಲ್ಲವೂ ಹತ್ತಿರವೇ ಇತ್ತು. ಆಮೇಲೆ ಊರಿನವರೂ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾದವರೆಗೆ ಹೋಯಿತು. ಮೊದಲ ಮಹಾಯುದ್ಧದ ಬಳಿಕ ಮಿಷನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಬಂದವು. ಮಣ್ಣು ತರುವ ದೋಣಿ, ಹಂಚು ಒಯ್ಯುವ ಮಂಜಿ, ಲೋಡಿಂಗ್ ಇವುಗಳಲ್ಲಿ ನಮ್ಮ ಬ್ಯಾರಿಗಳೂ ದುಡಿದರು. ಮಣ್ಣು ತುಳಿದು, ಹಂಚು ಒಣಗಿಸಿ, ಗೂಡಿಗೆ ಹೊತ್ತವರಲ್ಲಿ ಎಲ್ಲ ಜಾತಿ, ಧರ್ಮದ ಗಂಡಸರು, ಹೆಂಗಸರು ಇದ್ದರು.

ಆಮೇಲೆ ಟೆರೇಸ್ ಮನೆಗಳ ಕಾಲ ಬಂತು. ಮಣ್ಣು ಸಿಗುವುದು ಕಷ್ಟವಾಯಿತು, ಸೌದೆಯ ಬೆಲೆ ಏರಿತು. ಒಂದೊಂದೇ ಕಾರ್ಖಾನೆಯ ಚಿಮಣಿ ಹೊಗೆ ನಿಲ್ಲಿಸಿತು. ಕೆಲವು ಕಡೆ ಚಿಮಣಿ ಮಾತ್ರ ಉಳಿಯಿತು, ಕೆಲವು ಕಡೆ ಅದೂ ಇಲ್ಲ.

ಇದು ಮಂಗಳೂರಿನ ಕಥೆ ಮಾತ್ರ ಅಲ್ಲ. ನಾವಿರುವ ಸರಸ್ವತಿಪುರಂನಿಂದ ಸ್ವಲ್ಪ ದೂರದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1960ರ ದಶಕದ ಆರಂಭದಿಂದ ಜಾವಾ, ಬಳಿಕ ಯೆಜ್ಡಿ ಬೈಕುಗಳು ಅಲ್ಲಿಂದ ಹೊರಟು ದೇಶವಿಡೀ ಓಡಿದವು. 1996ರಲ್ಲಿ ಅದು ಮುಚ್ಚಿತು. ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿಯ ಜಾಗದಲ್ಲಿ ಈಗ ಎತ್ತರದ ವಸತಿ ಸಮುಚ್ಚಯಗಳಿವೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಾಲ್ ಮತ್ತು ಫ್ಲ್ಯಾಟ್‌ಗಳಿವೆ. ಊರು ಬೆಳೆದಾಗ ಅಂಚಿನ ಕಾರ್ಖಾನೆ ನಡುಮಧ್ಯಕ್ಕೆ ಬರುತ್ತದೆ. ಆಗ ಅಲ್ಲಿ ತಯಾರಾಗುವ ಮಾಲಿಗಿಂತ ಅಡಿಯ ನೆಲಕ್ಕೇ ಬೆಲೆ ಜಾಸ್ತಿ. ಹಾಗಾಗಿ ಈ ಬದಲಾವಣೆಯನ್ನು ನಾವು ದೂರುವುದಿಲ್ಲ. ಜನರಿಗೆ ಮನೆ ಬೇಕು.

ಈಗ ಮಸ್‌ಅಲಕ್ಕೆ ಬರೋಣ. ಸತ್ತುಬಿದ್ದ ನೆಲಕ್ಕೆ ಜೀವ ಕೊಟ್ಟವನಿಗೆ ಆ ನೆಲ ಸೇರುತ್ತದೆ ಎಂಬ ಅರ್ಥದ ಮಾತು ಹದೀಸ್‌ಗಳಲ್ಲಿದೆ. ಇದನ್ನು ಅರ್ಧ ಕೇಳಿ ಕೆಲವರು ‘ಖಾಲಿ ಬಿದ್ದ ಜಾಗ ಯಾರದ್ದೂ ಅಲ್ಲ’ ಎನ್ನುತ್ತಾರೆ. ಅದು ತಪ್ಪು. ಪೊದೆ ಬೆಳೆದ ಮಾತ್ರಕ್ಕೆ ಮಾಲಕನಿರುವ ಜಾಗ ಸತ್ತ ನೆಲ ಆಗುವುದಿಲ್ಲ. ಇನ್ನೊಬ್ಬರ ಗೇಣು ನೆಲವನ್ನು ಅನ್ಯಾಯವಾಗಿ ಹಿಡಿದವನಿಗೆ ಪರಲೋಕದಲ್ಲಿ ಕಾದಿರುವ ಭಾರದ ಬಗ್ಗೆ ನಮ್ಮ ಪ್ರವಾದಿ (ಸ) ಕಠಿಣವಾಗಿಯೇ ಎಚ್ಚರಿಸಿದ್ದಾರೆ. ಹಾಗೆಯೇ, ಯಾರದ್ದೂ ಅಲ್ಲದ ನೆಲಕ್ಕೆ ಬೇಲಿ ಹಾಕಿ ಸುಮ್ಮನೆ ಬಿಟ್ಟವನಿಗೆ ಮೂರು ವರ್ಷದ ಮೇಲೆ ಹಕ್ಕಿಲ್ಲ ಎಂದು ಖಲೀಫಾ ಉಮರ್ (ರ) ತೀರ್ಮಾನಿಸಿದ್ದರು. ನೆಲ ಇರುವುದು ಉಪಯೋಗಕ್ಕೆ, ಬೆಲೆ ಏರಲಿ ಎಂದು ಕಾಯುವುದಕ್ಕಲ್ಲ ಎಂಬ ಪಾಠ ಅದರಲ್ಲಿದೆ.

ಇನ್ನು ಕೂಲಿ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಉಪದೇಶ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕೊಡದೆ ಉಳಿದ ಕೂಲಿ ಎಂದರೆ ಸಾಲ. ಆ ಸಾಲ ಯಾರ ಹೆಗಲ ಮೇಲೆ? ದುಡಿಸಿಕೊಂಡವನ ಮೇಲೆ. ಆ ಜಾಗವನ್ನು ನ್ಯಾಯವಾಗಿ, ಪೂರ್ತಿ ಬೆಲೆ ಕೊಟ್ಟು ತೆಗೆದುಕೊಂಡವನ ಮೇಲೆ ಅಲ್ಲ. ಆದ್ದರಿಂದ ಮಾರುವವರ ಹಕ್ಕು ಸರಿಯಿದ್ದರೆ ಖರೀದಿ ಹಲಾಲ್. ನಾವು ಆ ಯುವಕರಿಗೆ ಹೇಳಿದ್ದೂ ಇದನ್ನೇ.

ಕಾನೂನೂ ಕಾರ್ಮಿಕರನ್ನು ಪೂರ್ತಿ ಮರೆತಿಲ್ಲ. 1972ರ ಗ್ರಾಚುಟಿ ಕಾಯ್ದೆ ಪ್ರಕಾರ ಐದು ವರ್ಷ ದುಡಿದವರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಹಣ ಸಲ್ಲಬೇಕಿತ್ತು. ಕಂಪೆನಿ ಮುಳುಗಿ ಆಸ್ತಿ ಮಾರುವಾಗ ಕಾರ್ಮಿಕರ ಬಾಕಿಗೆ ಅಡವು ಇಟ್ಟುಕೊಂಡ ಬ್ಯಾಂಕಿನ ಸಾಲದಷ್ಟೇ ಸ್ಥಾನ ಕೊಡುವ ತಿದ್ದುಪಡಿ 1985ರಲ್ಲಿ ಬಂತು. 2016ರ ದಿವಾಳಿ ಸಂಹಿತೆಯಲ್ಲಿ 24 ತಿಂಗಳ ಬಾಕಿಗೆ ಆ ಸ್ಥಾನ ಇದೆ. ಆದರೆ ಹಾಜರಿ ಚೀಟಿ, ಪಿಎಫ್ ನಂಬರ್ ಇಟ್ಟುಕೊಳ್ಳದ ಲೋಡಿಂಗ್‌ನವರು ಏನನ್ನು ತೋರಿಸಿ ಕೇಳುವುದು? ‘ರುಜು ಹಾಕಿದ ಒಂದು ಕಾಗದವೂ ಬಾಪನ ಹತ್ತಿರ ಇಲ್ಲ’ ಎಂದರು ಆ ಯುವಕರು. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂದು ಕುರ್‌ಆನ್ ಯಾಕೆ ಅಷ್ಟು ವಿವರವಾಗಿ ಹೇಳುತ್ತದೆ ಎಂಬುದು ಇಂಥ ಹೊತ್ತಿನಲ್ಲಿ ಅರ್ಥವಾಗುತ್ತದೆ.

ಗಲ್ಫ್‌ನಲ್ಲಿ ಬೆವರು ಸುರಿಸಿದ ಹಣವನ್ನು ಫ್ಲ್ಯಾಟ್‌ಗೆ ಹಾಕುವ ನಮ್ಮವರು ಬಹಳ. ಅವರಿಗೆ ನಾಲ್ಕು ಮಾತು. ಒಂದು, ಮೂಲಪತ್ರ ನೋಡಿ. ಜಾಗ ವರ್ಗವೋ, ಮೂಲಗೇಣಿಯೋ, ಹರಾಜಿನಲ್ಲಿ ಬಂದದ್ದೋ, ಕೋರ್ಟಿನಲ್ಲಿ ಕೇಸ್ ಇದೆಯೋ ವಕೀಲರಿಂದ ತಿಳಿಯಿರಿ. ಎರಡು, ರೇರಾ ನೋಂದಣಿ ಇದೆಯೇ ಕೇಳಿ. 2016ರ ಆ ಕಾಯ್ದೆ ಪ್ರಕಾರ ಬಿಲ್ಡರ್ ನಿಮ್ಮಿಂದ ಪಡೆದ ಹಣದ ಶೇ. 70ನ್ನು ಬೇರೆ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಖರ್ಚು ಮಾಡಬೇಕು. ಮೂರು, ಕಾರ್ಖಾನೆ ಇದ್ದ ನೆಲದ ಮಣ್ಣು ಮತ್ತು ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದ್ದಾರೆಯೇ ವಿಚಾರಿಸಿ. ಎಣ್ಣೆ, ಬಣ್ಣ, ಲೋಹದ ಕೆಲಸ ನಡೆದ ಜಾಗದಲ್ಲಿ ಇದು ಮುಖ್ಯ. ನಾಲ್ಕು, ಬುಕಿಂಗ್ ಮಾಡಿ, ಕೈಗೆ ಬರುವ ಮೊದಲೇ ಲಾಭಕ್ಕೆ ಮಾರುವ ವ್ಯಾಪಾರ ಬೇಡ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಸ್ವಾಧೀನಕ್ಕೆ ಬರದ್ದನ್ನು ಮಾರುವುದು ಸಲ್ಲದು. ಬಡ್ಡಿಯ ಸಾಲದ ವಿಷಯ ಮತ್ತೆ ಹೇಳಬೇಕಾಗಿಲ್ಲ.

ಒಂದು ವಾರ ಕಳೆದು ಆ ಯುವಕರು ಊರಿಗೆ ಹೋಗಿ ಬಂದರು. ಬಾಪನನ್ನು ಜಾಗ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಗೂಡು ಎಲ್ಲಿತ್ತು, ಲಾರಿ ಎಲ್ಲಿ ನಿಲ್ಲುತ್ತಿತ್ತು ಎಂದು ಅವರು ಕೈ ತೋರಿಸಿ ಹೇಳಿದರಂತೆ. ತನ್ನ ಬಾಕಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗನೇ ಕೇಳಿದಾಗ, ‘ಅದರ ಹಿಸಾಬು ಪಡೆದವನ್ ನೋಡಿಕೊಳ್ಳುತ್ತಾನೆ’ ಎಂದರಂತೆ. ಪಡೆದವನ್ ಎಂದರೆ ನಮ್ಮ ಮಾತಿನಲ್ಲಿ ಸೃಷ್ಟಿಕರ್ತ.

ಆಮೇಲೆ ಅಲ್ಲಿ ಸಿಮೆಂಟ್ ಹೊರುತ್ತಿದ್ದ ಉತ್ತರ ಭಾರತದ ಹುಡುಗರನ್ನು ನೋಡಿ ಮಗನಲ್ಲಿ ಒಂದೇ ಪ್ರಶ್ನೆ ಕೇಳಿದರಂತೆ: ‘ಇವರಿಗೆ ಶನಿವಾರ ಸಂಬಳ ಸರಿಯಾಗಿ ಕೊಡುತ್ತಾರಾ? ಅದನ್ನು ಕೇಳಿ ಆಮೇಲೆ ಅಡ್ವಾನ್ಸ್ ಕೊಡು.’

ಕಟ್ಟಡ ಕಾರ್ಮಿಕರಿಗಾಗಿ ಕಾನೂನು ಇದೆ, ಕಲ್ಯಾಣ ಮಂಡಳಿ ಇದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದವರು ನೋಂದಾಯಿಸಿಕೊಳ್ಳಬಹುದು. ನಮ್ಮ ಜಮಾಅತ್‌ನ ಓದಿದ ಹುಡುಗರು ಒಂದು ರವಿವಾರ ಕೂತು ಆ ಹುಡುಗರ ಅರ್ಜಿ ತುಂಬಿಸಿಕೊಟ್ಟರೆ ಅದೂ ಒಂದು ಸದಕ. ಬಾಪನ ಹತ್ತಿರ ಇಲ್ಲದ ಆ ಒಂದು ಕಾಗದ ಇವರ ಹತ್ತಿರವಾದರೂ ಇರಲಿ.

ಯುವಕರು ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಬಿಲ್ಡರ್ ಕಚೇರಿಯಲ್ಲಿ ಬಾಪನ ಪ್ರಶ್ನೆ ಕೇಳಿದ್ದಾರೆ. ಉತ್ತರಕ್ಕೆ ಕಾಯುತ್ತಿದ್ದಾರೆ.