ದೇಹದಾನದಿಂದ ಹುಲ್ಲಿನ ಟೋಪಿಯವರೆಗೆ

ಜಪಾನಿನ ನಾರಾ ಸೀಮೆಯ ಹೋರ್ಯೂಜಿ ದೇವಾಲಯದಲ್ಲಿ ಆಳೆತ್ತರವನ್ನೂ ಮೀರಿದ ಮರದ ಗುಡಿಯೊಂದಿದೆ. 7ನೇ ಶತಮಾನದ್ದು. ‘ತಮಮುಶಿ’ ಎಂಬ ಮಿರುಗುವ ಜೀರುಂಡೆಯ ರೆಕ್ಕೆಗಳನ್ನು ಲೋಹದ ಜಾಲರಿಯಡಿ ಹಾಸಿ ಅದನ್ನು ಸಿಂಗರಿಸಿದ್ದರು. ಆ ರೆಕ್ಕೆಗಳು ಬಹುಪಾಲು ಉದುರಿಹೋಗಿವೆ. ಪೀಠದ ಮೇಲಿನ ಚಿತ್ರ ಉಳಿದಿದೆ. ಒಂದೇ ಚೌಕಟ್ಟಿನಲ್ಲಿ ಒಬ್ಬನೇ ರಾಜಕುಮಾರ ಮೂರು ಸಲ ಕಾಣುತ್ತಾನೆ: ಬಂಡೆಯ ಮೇಲೆ ನಿಂತು ಬಟ್ಟೆ ಕಳಚಿ ಮರಕ್ಕೆ ತೂಗುಹಾಕುತ್ತಾನೆ, ತಲೆಕೆಳಗಾಗಿ ಧುಮುಕುತ್ತಾನೆ, ಬಿದಿರ ಮೆಳೆಯ ನಡುವೆ ಹಸಿದ ಹೆಣ್ಣುಹುಲಿಗೂ ಮರಿಗಳಿಗೂ ಆಹಾರವಾಗಿ ಬಿದ್ದಿರುತ್ತಾನೆ. ಬುದ್ಧನ ಹಿಂದಿನ ಜನ್ಮದ ಕಥೆ, ಅಂದರೆ ಜಾತಕ ಕಥೆಯಿದು. ಸಾಯಲು ಹೊರಟವನು ಬಟ್ಟೆಯನ್ನು ಜೋಪಾನ ಮಾಡುವುದನ್ನು ಬರೆದ ಆ ಅನಾಮಿಕ ಕಲಾವಿದ ಸಾಮಾನ್ಯನಲ್ಲ.

12ನೇ ಶತಮಾನದ ಹೊತ್ತಿಗೆ ಜಪಾನಿನಲ್ಲಿ ರೂಪುಗೊಂಡ ‘ಕೊಂಜಾಕು ಮೊನೊಗತಾರಿ’ ಸಾವಿರಕ್ಕೂ ಹೆಚ್ಚು ಕಥೆಗಳ ಕಣಜ. ಮೊದಲ ಐದು ಸಂಪುಟಗಳು ಪೂರ್ತಿ ಭಾರತದ ಕಥೆಗಳಿಗೇ ಮೀಸಲು. ಚಂದ್ರನಲ್ಲಿರುವ ಮೊಲ ಅಲ್ಲಿಯೂ ಸಿಗುತ್ತದೆ. ಮುದುಕನ ವೇಷದಲ್ಲಿ ಬಂದ ಇಂದ್ರನಿಗೆ ಕೋತಿ ಹಣ್ಣು ತಂದಿತು, ನರಿ ಮೀನು ತಂದಿತು. ಬರಿಗೈಯಲ್ಲಿ ಬಂದ ಮೊಲ ತನ್ನನ್ನೇ ಆಹಾರವಾಗಿ ಕೊಡಲು ಬೆಂಕಿಗೆ ಹಾರಿತು. ಪಾಲಿ ಜಾತಕದಲ್ಲಿ ಆ ಬೆಂಕಿ ಹಿಮದಂತೆ ತಣ್ಣಗಿದ್ದು ಮೊಲ ಬದುಕುತ್ತದೆ. ಜಪಾನಿನ ಕಥೆಗಾರ ಆ ರಿಯಾಯಿತಿ ಕೊಡಲಿಲ್ಲ. ಮೊಲ ಸುಟ್ಟು ಸತ್ತಿತು. ಇಂದ್ರ ಅದರ ರೂಪವನ್ನು ಚಂದ್ರನಲ್ಲಿಟ್ಟ. ಚಂದ್ರನ ಮೇಲೆ ಮೋಡದಂತೆ ಕಾಣುವುದು ಆ ಬೆಂಕಿಯ ಹೊಗೆಯಂತೆ!

ಕೊಡದವರ ಗತಿ ಏನು? 12ನೇ ಶತಮಾನದ ‘ಗಾಕಿ ಝೋಶಿ’ ಚಿತ್ರಸುರುಳಿಗಳಲ್ಲಿ ಅದು ಕಾಣಸಿಗುತ್ತದೆ. ಲೋಭಿಗಳು ಹಸಿದ ಪ್ರೇತಗಳಾಗಿದ್ದಾರೆ. ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು. ಸತ್ತವರಿಗೆಂದು ಜನ ಎರೆದ ನೀರಿನ ಹನಿಗಳನ್ನು ನೆಕ್ಕುತ್ತಿದ್ದಾರೆ. ಪಕ್ಕದಲ್ಲೇ ಓಡಾಡುವ ಜನರಿಗೆ ಅವರು ಕಾಣುವುದಿಲ್ಲ, ನೋಡುವ ನಮಗಷ್ಟೇ ಕಾಣುತ್ತಾರೆ. ಉಪದೇಶವೆಲ್ಲ ಆ ಜಾಣ್ಮೆಯಲ್ಲೇ ಇದೆ.

ಆದರೆ ಹುಲಿಗೆ ಮೈಯೊಪ್ಪಿಸುವುದು ಹಿಮದ ನಾಡಿನ ಬಡ ರೈತನಿಂದ ಆಗುವ ಕೆಲಸವೇ? ಅವನ ಅಳತೆಗೆ ಒಗ್ಗಿದ ಕಥೆ ‘ಕಸಾ ಜಿಝೋ’. ವರ್ಷದ ಕೊನೆಯ ದಿನ ಮುದುಕನೊಬ್ಬ ಹುಲ್ಲಿನ ಟೋಪಿ ಮಾರಲು ಪೇಟೆಗೆ ಹೋದ. ಒಂದೂ ಬಿಕರಿಯಾಗಲಿಲ್ಲ. ಮರಳುವ ದಾರಿಯಲ್ಲಿ ಆರು ಜಿಝೋ ವಿಗ್ರಹಗಳು ಹಿಮದಲ್ಲಿ ನೆನೆಯುತ್ತಿದ್ದವು. ಜಿಝೋ ಎಂದರೆ ನಮ್ಮ ಕ್ಷಿತಿಗರ್ಭ ಬೋಧಿಸತ್ವ. ಜೀವಿಗಳು ಹುಟ್ಟಿ ಸಾಯುವ ಆರು ಲೋಕಗಳಿಗೆ ಒಬ್ಬೊಬ್ಬನಂತೆ ಆರು ಮಂದಿ. ಹಲವು ಊರುಗಳ ಪಾಠದಲ್ಲಿ ಮುದುಕನ ಬಳಿ ಇದ್ದದ್ದು ಐದೇ ಟೋಪಿ. ಆರನೆಯವನಿಗೆ ತನ್ನ ತಲೆಗೆ ಕಟ್ಟಿದ್ದ ವಸ್ತ್ರವನ್ನೇ ಬಿಚ್ಚಿ ಕಟ್ಟಿದ. ರಾಜಕುಮಾರನ ತ್ಯಾಗ ಇಲ್ಲಿ ಒಂದು ತುಂಡು ಬಟ್ಟೆಯಷ್ಟಕ್ಕೆ ಇಳಿದಿದೆ, ಕೇಳುವವನಿಂದಲೂ ಆಗುವಷ್ಟು.

ರಾತ್ರಿ ಜಿಝೋಗಳು ಅಕ್ಕಿ, ಆಹಾರ ಹೊತ್ತು ತಂದು ಅವನ ಬಾಗಿಲಲ್ಲಿಟ್ಟು ಹೋಗುತ್ತಾರೆ. ಹಬ್ಬದ ರಾತ್ರಿ ಮಕ್ಕಳಿಗೆ ಹೇಳುವ ಕಥೆಯಲ್ಲವೇ, ಅಷ್ಟಾದರೂ ಬೇಕು. ನನಗೆ ಹೆಚ್ಚು ಹಿಡಿಸುವುದು ಅದಕ್ಕೂ ಮುಂಚಿನ ಗಳಿಗೆ. ಕಾಸಿಲ್ಲ, ಟೋಪಿಯೂ ಇಲ್ಲ, ಒದ್ದೆ ತಲೆಯಲ್ಲಿ ಮನೆಗೆ ಬಂದ ಗಂಡನನ್ನು ಮುದುಕಿ ಬೈಯುವುದಿಲ್ಲ. ಒಳ್ಳೆಯದನ್ನೇ ಮಾಡಿದಿರಿ ಎನ್ನುತ್ತಾಳೆ. ಅಕ್ಕಿ ಬರುತ್ತದೆಂದು ಆಗ ಅವಳಿಗೇನು ಗೊತ್ತು?